ಬಾವಿ ಮುಚ್ಚಿದ ಮೇಲೆ

ನಮ್ಮ ಮೊದಲ ಚಿತ್ರದ ಕೊನೆಯ ದೃಶ್ಯದಲ್ಲಿ ಮನೆಯ ಹಿತ್ತಲಿನ ಬಾವಿಯನ್ನು ಕಲ್ಲುಮಣ್ಣು ಸುರಿದು ಮುಚ್ಚುತ್ತಾರೆ. ತೀರ್ಥಹಳ್ಳಿಯ ಸಮೀಪದ ಒಂದು ತೊಟ್ಟಿಮನೆಯಲ್ಲಿ ಮೂವತ್ತೆರಡು ದಿನ ಚಿತ್ರೀಕರಿಸಿದ ಆ ಕಥೆಯಲ್ಲಿ ದೆವ್ವವನ್ನು ನಾವು ಎಲ್ಲಿಯೂ ಪೂರ್ತಿಯಾಗಿ ತೋರಿಸಿರಲಿಲ್ಲ. ರಾತ್ರಿಯ ಹೊತ್ತು ಯಾರೂ ಇಲ್ಲದ ಬಾವಿಕಟ್ಟೆಯಿಂದ ಕೇಳುವ ರಾಟೆಯ ಕಿರುಗುಟ್ಟುವಿಕೆ, ಬೆಳಿಗ್ಗೆ ಎದ್ದು ನೋಡಿದರೆ ತುಂಬಿ ನಿಂತ ಕೊಡ, ಇಷ್ಟರಲ್ಲೇ ಭಯವನ್ನೆಲ್ಲ ಕಟ್ಟಿದ್ದೆವು. ಚಿತ್ರ ಭಾರಿ ಗೆಲುವನ್ನೇನೂ ಕಾಣಲಿಲ್ಲ, ಆದರೆ ಹಾಕಿದ ಹಣ ಮರಳಿ ಬಂತು, ಮತ್ತು ಆ ರಾಟೆಯ ಸದ್ದು ಜನರ ಬಾಯಲ್ಲಿ ಉಳಿಯಿತು. ಒಂದು ವರ್ಷದ ಬಳಿಕ ಸಹನಿರ್ಮಾಪಕರು ಎರಡನೇ ಭಾಗದ ಮಾತೆತ್ತಿದಾಗ, ನಿರ್ದೇಶಕನಾದ ನನ್ನನ್ನು ಮೊದಲು ಕಾಡಿದ ಚಿಂತೆ ಇದನ್ನು ಯಾರ ಕೈಯಲ್ಲಿ ಬರೆಸುವುದು ಎಂಬುದು. ಆ ಚಿಂತೆ ತೀರಲು ಎಂಟು ತಿಂಗಳು ಬೇಕಾಯಿತು. ಅದರಲ್ಲಿ ಮೊದಲ ಮೂರು ತಿಂಗಳು ನನ್ನ ತಪ್ಪಿನಿಂದಲೇ ಹಾಳಾದವು.

ಸಹಜವಾಗಿ ಮೊದಲು ಹೋದದ್ದು ಮೊದಲ ಚಿತ್ರವನ್ನು ಬರೆದ ಗೆಳೆಯನ ಬಳಿಗೆ. ಅವನು ಎರಡು ವಾರ ಸಮಯ ಕೇಳಿದ, ಎರಡು ವಾರದ ನಂತರ ನೇರವಾಗಿ ಆಗುವುದಿಲ್ಲ ಎಂದ. ಆ ಬಾವಿಯ ಕಥೆ ಅವನ ಅಜ್ಜಿಯಿಂದ ಕೇಳಿದ್ದು, ಅದನ್ನು ಪೂರ್ತಿಯಾಗಿ ಹೇಳಿ ಮುಗಿಸಿದ್ದೇನೆ, ಇನ್ನು ಬರೆದರೆ ಹಣಕ್ಕಾಗಿ ಬರೆದಂತಾಗುತ್ತದೆ ಎಂಬುದು ಅವನ ಮಾತು. ಅವನ ಪ್ರಾಮಾಣಿಕತೆಯ ಬಗ್ಗೆ ನನಗೆ ಇಂದಿಗೂ ಗೌರವವಿದೆ. ಆದರೆ ಅವನು ಬರೆಯುವುದಿಲ್ಲ ಎಂದ ಮಾತ್ರಕ್ಕೆ ಅವನ ಪಾತ್ರ ಮುಗಿಯುವುದಿಲ್ಲ ಎಂಬುದನ್ನು ವಕೀಲರು ನಮಗೆ ತಿಳಿಸಿ ಹೇಳಿದರು. ಚಿತ್ರದ ಹಕ್ಕು ನಿರ್ಮಾಪಕರದ್ದಾದರೂ ಕಥೆ ಮತ್ತು ಪಾತ್ರಗಳನ್ನು ಮುಂದುವರಿಸುವ ಹಕ್ಕು ಒಪ್ಪಂದದ ಯಾವ ಸಾಲಿನಲ್ಲಿದೆ ಎಂದು ನೋಡಬೇಕು, ಮತ್ತು 1957ರ ಕೃತಿಸ್ವಾಮ್ಯ ಕಾಯ್ದೆಯ 57ನೇ ಕಲಮಿನ ಪ್ರಕಾರ ಕೃತಿಯ ಕರ್ತೃ ತಾನೇ ಎಂದು ಹೇಳಿಕೊಳ್ಳುವ ಹಕ್ಕು, ತನ್ನ ಹೆಸರಿಗೆ ಕುಂದು ತರುವಂತೆ ಕೃತಿಯನ್ನು ತಿರುಚಿದರೆ ಅದನ್ನು ಪ್ರಶ್ನಿಸುವ ಹಕ್ಕು ಲೇಖಕನಲ್ಲೇ ಉಳಿಯುತ್ತದೆ. ನಮ್ಮ ಹಳೆಯ ಒಪ್ಪಂದ ಎರಡು ಪುಟದ್ದು, ಮುಂದುವರಿದ ಭಾಗದ ಬಗ್ಗೆ ಅದರಲ್ಲಿ ಒಂದಕ್ಷರವೂ ಇರಲಿಲ್ಲ. ಹಾಗಾಗಿ ಹೊಸ ಲೇಖಕರನ್ನು ಹುಡುಕುವ ಮೊದಲೇ ಗೆಳೆಯನೊಂದಿಗೆ ಕುಳಿತು ಒಪ್ಪಿಗೆ ಪತ್ರ ಬರೆಸಿಕೊಂಡೆವು, ಮೂಲ ಪಾತ್ರಗಳ ಸೃಷ್ಟಿಕರ್ತ ಎಂದು ಅವನ ಹೆಸರು ಪರದೆಯ ಮೇಲೆ ಬರುವುದೆಂದು ನಿರ್ಧರಿಸಿದೆವು, ಅದಕ್ಕೊಂದು ಸಂಭಾವನೆಯನ್ನೂ ಗೊತ್ತುಮಾಡಿದೆವು. ಈ ಕೆಲಸವನ್ನು ಮೊದಲು ಮಾಡಿದ್ದಕ್ಕೆ ಮುಂದೆ ಎಷ್ಟೋ ಸಲ ನೆಮ್ಮದಿ ಪಟ್ಟಿದ್ದೇನೆ.

ಇನ್ನು ನನ್ನ ತಪ್ಪಿನ ವಿಷಯ. ಗಾಂಧಿನಗರದಲ್ಲಿ ಕಥೆಯನ್ನು ಯಾರೂ ಓದುವುದಿಲ್ಲ, ಕೇಳುತ್ತಾರೆ. ಲೇಖಕರು ಎದುರು ಕುಳಿತು ಎರಡು ಗಂಟೆ ನರೇಷನ್ ಕೊಡುತ್ತಾರೆ, ಕೇಳಿದವರಿಗೆ ರೋಮಾಂಚನವಾದರೆ ಅಲ್ಲೇ ಅಡ್ವಾನ್ಸ್ ಕೈ ಬದಲಾಗುತ್ತದೆ. ಹಲವು ಯಶಸ್ವಿ ಚಿತ್ರಗಳಿಗೆ ಸಂಭಾಷಣೆ ಬರೆದ ಹಿರಿಯರೊಬ್ಬರು ನಮಗೆ ಹಾಗೆಯೇ ಕಥೆ ಹೇಳಿದರು. ಸಂಜೆ ಏಳರ ಹೊತ್ತಿಗೆ ಕೋಣೆಯ ದೀಪ ಆರಿಸಲು ಹೇಳಿ, ದನಿ ತಗ್ಗಿಸಿ, ರಾಟೆಯ ಸದ್ದನ್ನು ಗಂಟಲಲ್ಲೇ ತೆಗೆದು, ನಡುವೆ ಮೇಜಿನ ಮೇಲೆ ಅಂಗೈಯಿಂದ ಬಡಿದಾಗ ನಾನು ನಿಜವಾಗಿ ಬೆಚ್ಚಿದೆ. ಪಕ್ಕದಲ್ಲಿದ್ದ ಸಹನಿರ್ಮಾಪಕರ ಕೈಯ ಕಾಫಿ ಚೆಲ್ಲಿತು. ಅಂದೇ ಒಪ್ಪಿದೆವು, ಮುಂಗಡ ಕೊಟ್ಟೆವು.

ಎರಡೂವರೆ ತಿಂಗಳ ಬಳಿಕ ಕೈಗೆ ಬಂದ ಪುಟಗಳನ್ನು ಹಗಲು ಹೊತ್ತಿನಲ್ಲಿ ಒಬ್ಬನೇ ಕುಳಿತು ಓದಿದೆ. ಆ ದನಿ, ಆ ಕತ್ತಲು, ಆ ಅಂಗೈಯ ಬಡಿತ ಯಾವುದೂ ಕಾಗದದ ಮೇಲಿರಲಿಲ್ಲ. ಇದ್ದದ್ದು ಮೂರು ಫ್ಲ್ಯಾಷ್‌ಬ್ಯಾಕ್. ಬಾವಿಗೆ ಬಿದ್ದ ಹೆಂಗಸು ಯಾರು, ಅವಳನ್ನು ತಳ್ಳಿದವರು ಯಾರು, ತಳ್ಳಿದವನ ತಂದೆ ಮಾಡಿದ ಪಾಪವೇನು ಎಂದು ಒಂದೊಂದನ್ನೂ ಬಿಡಿಸಿ ಹೇಳಲಾಗಿತ್ತು. ಇಂಟರ್ವಲ್‌ಗೆ ಮಂತ್ರವಾದಿ ಬರುತ್ತಿದ್ದ. ಓದಿ ಮುಗಿಸುವಾಗ ನನ್ನ ಮೊದಲ ಚಿತ್ರದ ದೆವ್ವದ ಮೇಲೆ ಕನಿಕರ ಹುಟ್ಟಿತೇ ಹೊರತು ಹೆದರಿಕೆ ಹುಟ್ಟಲಿಲ್ಲ. ಹಿರಿಯರನ್ನು ಕಂಡು ವಿಷಯ ಹೇಳಿದೆ. ಮುಂಗಡವನ್ನು ಮರಳಿ ಕೇಳಲಿಲ್ಲ, ಕೇಳುವುದು ನ್ಯಾಯವೂ ಆಗಿರಲಿಲ್ಲ, ಏಕೆಂದರೆ ಅವರು ಹೇಳಿದ್ದನ್ನೇ ಬರೆದಿದ್ದರು. ಕೇಳುವಾಗ ನನ್ನನ್ನು ಹೆದರಿಸಿದ್ದು ಕಥೆಯೋ ಕಥೆ ಹೇಳುವವರೋ ಎಂದು ನಾನೇ ಬೇರ್ಪಡಿಸಿ ನೋಡಬೇಕಿತ್ತು. ಇದಾದ ಮೇಲೆ ಹಾರರ್ ಚಿತ್ರಕ್ಕೆ ನರೇಷನ್ ಕೇಳಿ ಲೇಖಕರನ್ನು ಆರಿಸಬಾರದೆಂದು ನಿಶ್ಚಯಿಸಿಕೊಂಡೆ.

ಮುಂದಿನ ಒಂದು ತಿಂಗಳು ಯಾರನ್ನೂ ಭೇಟಿಯಾಗಲಿಲ್ಲ. ಎರಡನೇ ಭಾಗ ಬರೆಯುವವರಲ್ಲಿ ಇರಬೇಕಾದ ಗುಣ ಯಾವುದು ಎಂದು ನನಗೇ ಸ್ಪಷ್ಟವಾಗಬೇಕಿತ್ತು, ಅದಕ್ಕಾಗಿ ಒಂದರ ಹಿಂದೊಂದು ಜೋಡಿ ಚಿತ್ರಗಳನ್ನು ನೋಡಿದೆ. 1979ರ ‘ಏಲಿಯನ್’ ಚಿತ್ರಕ್ಕೆ ಚಿತ್ರಕಥೆ ಬರೆದವರು ಡ್ಯಾನ್ ಓಬ್ಯಾನನ್, 1986ರ ಎರಡನೆಯದನ್ನು ಬರೆದು ನಿರ್ದೇಶಿಸಿದವರು ಜೇಮ್ಸ್ ಕ್ಯಾಮೆರಾನ್. ಮೊದಲ ಚಿತ್ರದಲ್ಲಿ ಸಾಲುಸಾಲು ಮೊಟ್ಟೆಗಳನ್ನು ನಾವೆಲ್ಲ ನೋಡಿದ್ದೆವು, ಆದರೆ ಅವನ್ನು ಇಟ್ಟದ್ದು ಯಾರು ಎಂದು ಚಿತ್ರ ಕೇಳಿರಲಿಲ್ಲ. ಎರಡನೆಯ ಚಿತ್ರದಲ್ಲಿ ನಾಯಕಿ ಆ ಪ್ರಶ್ನೆಯನ್ನು ಬಾಯಿಬಿಟ್ಟು ಕೇಳುತ್ತಾಳೆ, ಇಡೀ ಕೊನೆಯ ಭಾಗ ಅದರ ಉತ್ತರದಿಂದ ಹುಟ್ಟುತ್ತದೆ. ನಮ್ಮಲ್ಲೂ ಇದಕ್ಕೆ ಉದಾಹರಣೆಯಿದೆ. 1993ರ ಮಲಯಾಳಂ ಚಿತ್ರವನ್ನು ಆಧರಿಸಿ 2004ರಲ್ಲಿ ಪಿ. ವಾಸು ‘ಆಪ್ತಮಿತ್ರ’ ಮಾಡಿದರು. ಅದರಲ್ಲಿ ನಾಗವಲ್ಲಿಯ ಸೇಡು ಯಾರ ಮೇಲೋ ಆ ರಾಜ ಬರೀ ಹಳೆಯ ಕಥೆಯೊಳಗಿನ ಹೆಸರು. 2010ರ ‘ಆಪ್ತರಕ್ಷಕ’ ಆ ರಾಜನಿಗೆ ಏನಾಯಿತು ಎಂದು ಹಿಂತಿರುಗಿ ಕೇಳಿತು. ವಿಷ್ಣುವರ್ಧನ್ ಅವರು ತೀರಿಕೊಂಡ ಕೆಲವೇ ವಾರಗಳಲ್ಲಿ ಬಂದ ಆ ಚಿತ್ರವನ್ನು ಚಿತ್ರಮಂದಿರದಲ್ಲಿ ಕಣ್ಣೀರಿನೊಂದಿಗೆ ನೋಡಿದವರಲ್ಲಿ ನಾನೂ ಒಬ್ಬ. ಆಗ ಚಿತ್ರಕಥೆಯ ಜಾಣ್ಮೆ ನನ್ನ ಗಮನಕ್ಕೆ ಬಂದಿರಲಿಲ್ಲ, ಈಗ ಬಂತು.

ಎಡವಿದ ಉದಾಹರಣೆಗಳೂ ಅಷ್ಟೇ ಉಪಯೋಗಕ್ಕೆ ಬಂದವು. 1973ರ ‘ದಿ ಎಕ್ಸಾರ್ಸಿಸ್ಟ್’ ಚಿತ್ರಕ್ಕೆ ವಿಲಿಯಂ ಪೀಟರ್ ಬ್ಲ್ಯಾಟಿ ತಮ್ಮದೇ ಕಾದಂಬರಿಯಿಂದ ಚಿತ್ರಕಥೆ ಬರೆದಿದ್ದರು. 1977ರ ಎರಡನೆಯದನ್ನು ಬೇರೆಯವರು ಬರೆದರು. ಅದು ದೆವ್ವದ ಹೆಸರು, ಮೂಲ, ಹಿಂದಿನ ಚರಿತ್ರೆ ಎಲ್ಲವನ್ನೂ ವಿವರಿಸಲು ಹೊರಟಿತು, ವಿಮರ್ಶಕರು ಅದನ್ನು ಕಟುವಾಗಿ ತಿರಸ್ಕರಿಸಿದರು. 1990ರಲ್ಲಿ ಬ್ಲ್ಯಾಟಿಯವರೇ ಬಂದು ಮೂರನೆಯದನ್ನು ಬರೆದು ನಿರ್ದೇಶಿಸಿದರು. ಇವನ್ನೆಲ್ಲ ನೋಡಿದ ಮೇಲೆ ನನ್ನ ಟಿಪ್ಪಣಿ ಪುಸ್ತಕದಲ್ಲಿ ಒಂದೇ ಸಾಲು ಉಳಿಯಿತು. ಮೊದಲ ಚಿತ್ರದೊಳಗೆ ಎಲ್ಲರ ಕಣ್ಣಿಗೆ ಬಿದ್ದೂ ಯಾರೂ ಕೇಳದೆ ಬಿಟ್ಟ ಪ್ರಶ್ನೆ ಒಂದಿರುತ್ತದೆ, ಅದನ್ನು ಹೆಕ್ಕಿ ತೆಗೆಯಬಲ್ಲವರು ಬೇಕು. ಉತ್ತರಗಳನ್ನು ಹೊತ್ತು ತರುವವರು ಬೇಡ.

ಹೊಸದಾಗಿ ಶುರು ಮಾಡಿದಾಗ ನಾಲ್ವರನ್ನು ಕೇಳಿಕೊಂಡೆವು. ಪ್ರತಿಯೊಬ್ಬರಿಗೂ ಸಮನಾದ ಮೊತ್ತ ಕೊಟ್ಟು, ಮೊದಲ ಚಿತ್ರವನ್ನು ಮತ್ತೊಮ್ಮೆ ನೋಡಿ, ಎರಡನೇ ಭಾಗದ ಒಂದೇ ಒಂದು ದೃಶ್ಯವನ್ನು ಐದು ಪುಟ ಮೀರದಂತೆ ಬರೆದು ಕಳಿಸಲು ಹೇಳಿದೆವು. ಪರೀಕ್ಷೆಗೆಂದು ಬರೆಸುವ ದೃಶ್ಯಕ್ಕೂ ಹಣ ಕೊಡಬೇಕೆಂದು ನಾನು ಪಟ್ಟು ಹಿಡಿದೆ. ಲೇಖಕರಿಂದ ಬಿಟ್ಟಿ ಬರೆಸಿಕೊಂಡು, ಅದರ ತಿರುಳನ್ನು ಇನ್ನೊಬ್ಬರ ಕೈಗೆ ದಾಟಿಸುವ ಅಭ್ಯಾಸವನ್ನು ನಾನು ಸಹಾಯಕನಾಗಿದ್ದ ಕಾಲದಲ್ಲಿ ಕಣ್ಣಾರೆ ಕಂಡಿದ್ದೇನೆ, ನನ್ನ ಬರವಣಿಗೆಗೂ ಹಾಗಾಗಿದೆ. ಆಯ್ಕೆಯಾಗದ ದೃಶ್ಯಗಳು ಲೇಖಕರವೇ, ಅವುಗಳಿಂದ ಏನನ್ನೂ ಬಳಸುವುದಿಲ್ಲ ಎಂದು ಬರೆದು ಸಹಿ ಮಾಡಿ ಕೊಟ್ಟೆವು. ಷರತ್ತುಗಳು ಎರಡೇ ಇದ್ದವು: ದೆವ್ವ ಕಾಣಿಸಬಾರದು, ರಾಟೆಯ ಸದ್ದು ಕೇಳಿಸಬಾರದು. ಪ್ರೇಕ್ಷಕರು ಈಗಾಗಲೇ ಹೆದರಿ ಮುಗಿಸಿದ್ದನ್ನು ಕಿತ್ತುಕೊಂಡರೆ ಲೇಖಕರು ಯಾವುದರ ಮೇಲೆ ನಿಲ್ಲುತ್ತಾರೆ ಎಂದು ನೋಡುವುದು ನನ್ನ ಉದ್ದೇಶ.

ಮೊದಲು ಬಂದದ್ದು ವೆಬ್ ಸರಣಿಗಳಿಗೆ ಬರೆಯುವ ಯುವಕನೊಬ್ಬನದು. ಪುಟ ವಿನ್ಯಾಸ ಅಚ್ಚುಕಟ್ಟು, ಪ್ರತಿ ಶಾಟ್ ಕಣ್ಣಿಗೆ ಕಟ್ಟುವಂತಿತ್ತು, ಆದರೆ ಐದು ಪುಟದಲ್ಲಿ ಒಂಬತ್ತು ಸಲ ಬೆಚ್ಚಿಬೀಳಿಸುವ ಪ್ರಯತ್ನವಿತ್ತು. ಮಾತಾಡಿದಾಗ ಅವನ ಪ್ರತಿ ವಾಕ್ಯವೂ ಯಾವುದೋ ಕೊರಿಯನ್ ಅಥವಾ ಇಂಡೋನೇಷ್ಯನ್ ಚಿತ್ರದಿಂದ ಶುರುವಾಗುತ್ತಿತ್ತು. ಮಲೆನಾಡಿನ ಕತೆಗಾರರೊಬ್ಬರದು ಎರಡನೆಯದು. ಅಂಥ ಗದ್ಯವನ್ನು ಚಿತ್ರಕಥೆಯ ರೂಪದಲ್ಲಿ ನಾನು ಓದಿದ್ದು ಅದೇ ಮೊದಲು. ಮಳೆಗಾಲದಲ್ಲಿ ಬೂಸಲು ಹಿಡಿದ ಗೋಡೆಯ ವರ್ಣನೆಯನ್ನು ಎರಡು ಸಲ ಓದಿದೆ. ಆದರೆ ‘ಅವಳಿಗೆ ಯಾಕೋ ಹಾಗನ್ನಿಸಿತು’, ‘ತಾನು ಇಲ್ಲಿ ಮೊದಲೇ ಇದ್ದೆನೇನೋ ಎಂಬ ಭಾವ ಅವಳಲ್ಲಿ ಮೂಡಿತು’ ಎಂಬಂಥ ಸಾಲುಗಳನ್ನು ಕ್ಯಾಮೆರಾದ ಮುಂದೆ ಹೇಗೆ ಇಡುವುದು? ಅವರೂ ಅದನ್ನು ಒಪ್ಪಿಕೊಂಡರು. ಮೂರನೆಯವರು ರಂಗಭೂಮಿಯವರು, ಅವರಿಗೆ ಹತ್ತು ದಿನದಲ್ಲಿ ಬೇರೆ ಕೆಲಸ ಸಿಕ್ಕಿ ಹಿಂದೆ ಸರಿದರು.

ನಾಲ್ಕನೆಯವರು ಹದಿನಾಲ್ಕು ವರ್ಷದಿಂದ ಕಿರುತೆರೆಯ ದೈನಿಕ ಧಾರಾವಾಹಿಗಳಿಗೆ ಚಿತ್ರಕಥೆ ಬರೆಯುತ್ತಿರುವ ಮಹಿಳೆ. ಹಾರರ್ ಎಂದೂ ಬರೆದವರಲ್ಲ. ಅವರ ಹೆಸರನ್ನು ಸೂಚಿಸಿದ್ದು ನಮ್ಮ ಸಂಕಲನಕಾರರು, ಹಾಗೂ ನಿಜ ಹೇಳಬೇಕೆಂದರೆ ನಾನು ಒಲ್ಲದ ಮನಸ್ಸಿನಿಂದಲೇ ಒಪ್ಪಿದ್ದೆ. ದೃಶ್ಯ ಬರೆಯುವ ಮೊದಲು ಒಮ್ಮೆ ಮಾತಾಡಬೇಕು ಎಂದರು, ಬಸವನಗುಡಿಯ ನಮ್ಮ ಕಚೇರಿಗೆ ಬಂದರು. ಬ್ಯಾಗಿನಿಂದ ಕೈಬರಹದ ಒಂದು ಹಾಳೆ ತೆಗೆದು ಮುಂದಿಟ್ಟುಕೊಂಡು ಅವರು ಕೇಳಿದ ಮೊದಲ ಪ್ರಶ್ನೆ ಇದು: “ಬಾವಿ ಮುಚ್ಚಿದಿರಿ, ಸರಿ. ಮಾರನೇ ದಿನ ಬೆಳಿಗ್ಗೆ ಆ ಮನೆಯವರಿಗೆ ನೀರು ಎಲ್ಲಿಂದ ಬಂತು?”

ನಾನು ಉತ್ತರ ಕೊಡಲಾರದೆ ಕುಳಿತೆ. ಆ ಚಿತ್ರವನ್ನು ನಾನು ಸಂಕಲನದ ಮೇಜಿನ ಮೇಲೆ ನೂರಾರು ಸಲ ನೋಡಿದ್ದೇನೆ. ಅಡುಗೆ, ಸ್ನಾನ, ದನಕರು, ದೇವರ ಪೂಜೆ ಎಲ್ಲಕ್ಕೂ ಆ ಮನೆಗೆ ಅದೊಂದೇ ನೀರಿನ ಮೂಲ ಎಂದು ಚಿತ್ರದ ಮೊದಲ ಹತ್ತು ನಿಮಿಷದಲ್ಲಿ ನಾವೇ ತೋರಿಸಿದ್ದೇವೆ. ನಮಗೆ ದೆವ್ವವನ್ನು ಮುಗಿಸುವ ಆತುರವಿತ್ತು, ಮನೆಯ ಹೆಂಗಸರ ಬೆಳಗಿನ ಕೊಡದ ನೆನಪಾಗಲಿಲ್ಲ. ಅವರು ಮುಂದುವರಿದು ತಮ್ಮ ಬಾಲ್ಯದ ಸಂಗತಿಯೊಂದನ್ನು ಹೇಳಿದರು. 1990ರ ದಶಕದಲ್ಲಿ ರಾತ್ರಿ ಬಾಗಿಲು ಬಡಿಯುವ ಹೆಣ್ಣು ದೆವ್ವದ ಸುದ್ದಿ ಹಬ್ಬಿ, ಜನ ಮನೆಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದದ್ದು ನಮ್ಮ ವಯಸ್ಸಿನವರಿಗೆಲ್ಲ ನೆನಪಿದೆ. ಅವರ ಮನೆಯ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಅದನ್ನು ಬರೆಯುವ ಕೆಲಸ ಅವರಿಗೆ ವಹಿಸಿತ್ತಂತೆ. ಉಳಿದವರು ನಿಶ್ಚಿಂತೆಯಿಂದ ಮಲಗುತ್ತಿದ್ದರು, ಬರೆದ ಹುಡುಗಿಗೆ ಮಾತ್ರ ನಿದ್ರೆ ಬರುತ್ತಿರಲಿಲ್ಲ, ಏಕೆಂದರೆ ತಾನು ದೆವ್ವವನ್ನು ಓಡಿಸಿಲ್ಲ, ಕರೆದಿದ್ದೇನೆ ಎಂದು ಅವಳಿಗೆ ಗೊತ್ತಿತ್ತು. “ನಿಮ್ಮ ಬಾವಿಗೆ ಸುರಿದ ಮಣ್ಣೂ ಅಂಥದ್ದೇ” ಎಂದರು.

ಅವರ ದೃಶ್ಯ ಹನ್ನೆರಡು ದಿನಕ್ಕೆ ಬಂತು. ಮೊದಲ ಚಿತ್ರದಲ್ಲಿ ಬದುಕುಳಿದ ಸೊಸೆ ಈಗ ಮೈಸೂರಿನಲ್ಲಿ ಮೂರನೇ ಮಹಡಿಯ ಬಾಡಿಗೆ ಮನೆಯಲ್ಲಿದ್ದಾಳೆ. ಆರು ವರ್ಷದ ಮಗಳಿದ್ದಾಳೆ. ಅಡುಗೆಮನೆಯ ನಲ್ಲಿ ಸ್ವಲ್ಪ ಸೋರುತ್ತದೆ. ತೊಟ್ಟಿಕ್ಕುವ ಸದ್ದನ್ನು ತಾಳಲಾರದೆ ಅವಳು ನಲ್ಲಿಯ ಬಾಯಿಗೆ ಒಂದು ದಾರ ಕಟ್ಟಿ ಸಿಂಕಿನ ತಳದವರೆಗೆ ಇಳಿಬಿಟ್ಟಿದ್ದಾಳೆ, ಹನಿ ದಾರದ ಗುಂಟ ಸದ್ದಿಲ್ಲದೆ ಜಾರಿ ಹೋಗುತ್ತದೆ. ಒಂದು ಮಧ್ಯಾಹ್ನ ಮಗಳು ಅದನ್ನು ಎಳೆದು ತೆಗೆದು ಆಟವಾಡುತ್ತಾಳೆ, ತಾಯಿ ಗದರಿಸದೆ, ಮಗುವಿನ ಕೈಯಿಂದ ಒದ್ದೆ ದಾರವನ್ನು ಬಿಡಿಸಿಕೊಂಡು ಮತ್ತೆ ಕಟ್ಟುತ್ತಾಳೆ. ಮಾರನೇ ದಿನ ನಸುಕಿಗೆ ಎದ್ದು ದೀಪ ಹಾಕಿದಾಗ ದಾರ ಅಲ್ಲೇ ಇದೆ, ನೀರೂ ಸದ್ದಿಲ್ಲದೆ ಇಳಿಯುತ್ತಿದೆ. ಆದರೆ ದಾರದ ಕೊನೆಯಲ್ಲಿ ಕೊಡದ ಕತ್ತಿಗೆ ಹಾಕುವ ಕುಣಿಕೆ ಬಿದ್ದಿದೆ. ದೃಶ್ಯ ಅಲ್ಲಿಗೆ ಮುಗಿಯುತ್ತದೆ.

ಅದನ್ನು ಓದಿದಾಗ ಬೆಳಿಗ್ಗೆ ಹನ್ನೊಂದು ಗಂಟೆ, ಕಿಟಕಿಯಿಂದ ಬಿಸಿಲು ಬರುತ್ತಿತ್ತು, ಹೊರಗೆ ತರಕಾರಿ ಗಾಡಿಯವನು ಕೂಗುತ್ತಿದ್ದ. ನನ್ನ ತೋಳಿನ ರೋಮ ನಿಂತಿತು. ಯಾರೂ ದನಿ ತಗ್ಗಿಸಿ ಓದಿ ಹೇಳಿರಲಿಲ್ಲ.

ಆದರೂ ಅಂದೇ ಒಪ್ಪಿಗೆ ಹೇಳಲಿಲ್ಲ, ಒಮ್ಮೆ ಕೈ ಸುಟ್ಟುಕೊಂಡಿದ್ದೆ. ಆ ದೃಶ್ಯದಲ್ಲಿ ಒಂದು ದೋಷವಿತ್ತು. ಧಾರಾವಾಹಿಯ ಅಭ್ಯಾಸದಿಂದಲೋ ಏನೋ, ಸೊಸೆ ನೆರೆಮನೆಯವಳೊಂದಿಗೆ ಒಂದೂವರೆ ಪುಟ ಮಾತಾಡಿ, ತನಗೆ ನೀರಿನ ಸದ್ದು ಕಂಡರೆ ಏಕಾಗುವುದಿಲ್ಲ ಎಂದು ವಿವರಿಸುತ್ತಿದ್ದಳು. ಟಿವಿಯ ಮುಂದೆ ಕುಳಿತವರು ಒಗ್ಗರಣೆ ಹಾಕುತ್ತಾ ಕೇಳಿಸಿಕೊಳ್ಳುವವರು, ಆದ್ದರಿಂದ ಅಲ್ಲಿ ಎಲ್ಲವನ್ನೂ ಮಾತಿನಲ್ಲಿ ಹೇಳಬೇಕಾಗುತ್ತದೆ. ಚಿತ್ರಮಂದಿರದ ಕತ್ತಲಲ್ಲಿ ಅದರ ಅಗತ್ಯವಿಲ್ಲ. ಉಳಿದ ಇಬ್ಬರಿಗೂ ಇವರಿಗೂ ತಲಾ ಒಂದೊಂದು ತಿದ್ದುಪಡಿ ಸೂಚಿಸಿ, ಎರಡನೇ ಡ್ರಾಫ್ಟ್ ಕೇಳಿದೆ, ಅದಕ್ಕೂ ಸಂಭಾವನೆ ಕೊಟ್ಟೆವು. ಲೇಖಕರನ್ನು ನಿಜವಾಗಿ ಅಳೆಯುವುದು ಎರಡನೇ ಡ್ರಾಫ್ಟಿನಲ್ಲಿ ಎಂದು ಈಗ ನಾನು ದೃಢವಾಗಿ ನಂಬುತ್ತೇನೆ. ಯುವಕ ಒಂಬತ್ತು ಬೆಚ್ಚುಗಳನ್ನು ನಾಲ್ಕಕ್ಕೆ ಇಳಿಸಿದ, ದೃಶ್ಯದ ಸ್ವಭಾವ ಬದಲಾಗಲಿಲ್ಲ. ಕತೆಗಾರರು ಚೆಂದದ ಸಾಲುಗಳನ್ನು ಕೈಬಿಡಲು ಬಹಳ ಸಂಕಟಪಟ್ಟರು, ನನಗೂ ಸಂಕಟವಾಯಿತು. ಈ ಮಹಿಳೆ ನೆರೆಮನೆಯವಳನ್ನೇ ತೆಗೆದುಹಾಕಿದ್ದರು. ಒಂದೂವರೆ ಪುಟದ ಮಾತಿನ ಜಾಗದಲ್ಲಿ ಎರಡೇ ಸಾಲು ಇತ್ತು: ಹಾಲಿನವನು ಬಂದು ಕುಡಿಯಲು ನೀರು ಕೇಳುತ್ತಾನೆ, ಅವಳು ನಲ್ಲಿ ತಿರುಗಿಸದೆ, ಮುಚ್ಚಿಟ್ಟ ಪಾತ್ರೆಯಿಂದ ಲೋಟವನ್ನು ಅದ್ದಿ ತೆಗೆದು ಕೊಡುತ್ತಾಳೆ.

ಸಹನಿರ್ಮಾಪಕರು ಸುಲಭವಾಗಿ ಒಪ್ಪಲಿಲ್ಲ. ಧಾರಾವಾಹಿಯವರು ಬರೆದಿದ್ದಾರೆಂದು ಗೊತ್ತಾದರೆ ವಿತರಕರು ಹಿಂಜರಿಯುತ್ತಾರೆ ಎಂಬುದು ಅವರ ಆತಂಕ. ಆ ಮಾತು ನನ್ನನ್ನು ನೋಯಿಸಿತು, ಏಕೆಂದರೆ ವರ್ಷಗಟ್ಟಲೆ ದಿನಕ್ಕೊಂದು ಕಂತು ಬರೆದು, ಪ್ರತಿ ಕಂತಿನ ಕೊನೆಗೂ ನೋಡುಗರನ್ನು ಮರುದಿನಕ್ಕೆ ಕಾಯಿಸುವ ಕುಶಲತೆಗೆ ನಮ್ಮ ಉದ್ಯಮ ಕೊಡುವ ಬೆಲೆ ಬಹಳ ಕಡಿಮೆ. ಕೊನೆಗೆ ಅವರ ಮನಸ್ಸನ್ನು ತಿರುಗಿಸಿದ್ದು ಸೆನ್ಸಾರ್ ಲೆಕ್ಕಾಚಾರ. ನಮ್ಮ ಮೊದಲ ಚಿತ್ರಕ್ಕೆ ಒಂದು ಕೊಲೆಯ ದೃಶ್ಯದ ಕಾರಣ ವಯಸ್ಕರಿಗೆ ಮಾತ್ರ ಎನ್ನುವ ‘ಎ’ ಪ್ರಮಾಣಪತ್ರ ಸಿಕ್ಕಿತ್ತು. ‘ಎ’ ಚಿತ್ರವನ್ನು ಹಾಗೆಯೇ ಟಿವಿಯಲ್ಲಿ ಪ್ರಸಾರ ಮಾಡುವಂತಿಲ್ಲ, ಆದ್ದರಿಂದ ಸ್ಯಾಟಲೈಟ್ ಹಕ್ಕಿನ ಮಾತುಕತೆ ಮುರಿದುಬಿದ್ದಿತ್ತು. 2024ರ ನವೆಂಬರ್‌ನಿಂದ, ಮಕ್ಕಳು ಹೆತ್ತವರ ಮಾರ್ಗದರ್ಶನದಲ್ಲಿ ನೋಡಬಹುದಾದ ಚಿತ್ರಗಳಿಗೆ ಕೊಡುವ ‘ಯುಎ’ಯೊಳಗೆ 7, 13 ಮತ್ತು 16 ವರ್ಷದ ಮೂರು ವಿಭಾಗಗಳು ಬಂದಿವೆ. ರಕ್ತವಿಲ್ಲದೆ, ಒಂದು ದಾರದಿಂದ ಹೆದರಿಸಬಲ್ಲವರು ಬರೆದರೆ ನಾವು ‘ಯುಎ’ಗೆ ಪ್ರಯತ್ನಿಸಬಹುದು ಎಂದು ತೋರಿಸಿಕೊಟ್ಟಾಗ ಅವರು ಆ ಐದು ಪುಟಗಳನ್ನು ಇನ್ನೊಮ್ಮೆ ತರಿಸಿಕೊಂಡು ಓದಿದರು. ರಾತ್ರಿ ಫೋನ್ ಮಾಡಿ, ತಮ್ಮ ಮನೆಯ ನಲ್ಲಿಯೂ ಸೋರುತ್ತದೆ ಎಂದರು.

ಒಪ್ಪಂದ ಈ ಸಲ ಹನ್ನೊಂದು ಪುಟದ್ದಾಯಿತು. ಎಷ್ಟು ಡ್ರಾಫ್ಟ್, ಪ್ರತಿ ಡ್ರಾಫ್ಟಿಗೆ ಎಷ್ಟು ಹಣ, ನಡುವೆ ಬೇರೆಯವರು ಸೇರಿದರೆ ಪರದೆಯ ಮೇಲೆ ಹೆಸರು ಹೇಗೆ ಬರಬೇಕು, ಮೂರನೇ ಭಾಗವಾದರೆ ಮೊದಲು ಯಾರನ್ನು ಕೇಳಬೇಕು ಎಂಬುದೆಲ್ಲ ಅದರಲ್ಲಿದೆ. ಚಿತ್ರಮಂದಿರದ ಹೊರಗಿನ ಬಳಕೆಗೆ ಲೇಖಕರಿಗೆ ಸಲ್ಲಬೇಕಾದ ರಾಯಧನವನ್ನು ಬಿಟ್ಟುಕೊಡುವಂತೆ ಬರೆಸಿಕೊಳ್ಳಲು 2012ರ ತಿದ್ದುಪಡಿಯ ನಂತರ ಕಾನೂನಿನಲ್ಲಿ ಅವಕಾಶವಿಲ್ಲ, ಆ ಸಾಲನ್ನೂ ಸ್ಪಷ್ಟವಾಗಿ ಸೇರಿಸಿದೆವು. ಇಷ್ಟು ವರ್ಷ ಬರೆದರೂ ಇಂಥ ಒಪ್ಪಂದವನ್ನು ಓದಿ ಸಹಿ ಮಾಡುತ್ತಿರುವುದು ಇದೇ ಮೊದಲು ಎಂದು ಅವರು ಹೇಳಿದರು. ಮೊದಲ ಚಿತ್ರದ ಲೇಖಕ ಗೆಳೆಯನೂ ಅಂದು ಬಂದಿದ್ದ, ಚಿತ್ರದಲ್ಲಿ ಬಳಸದೆ ಉಳಿದ ಟಿಪ್ಪಣಿಗಳ ಪುಸ್ತಕವನ್ನು ಅವರ ಕೈಗೆ ಕೊಟ್ಟ. ಅವರು ಅದನ್ನು ತೆರೆಯದೆ, ಮೊದಲ ಡ್ರಾಫ್ಟ್ ಮುಗಿದ ಮೇಲೆ ಓದುತ್ತೇನೆ ಎಂದು ಪಕ್ಕಕ್ಕಿಟ್ಟರು.

ಬರೆಯಲು ಕೂರುವ ಮೊದಲು ಆ ಮನೆಯನ್ನು ನೋಡಬೇಕೆಂದು ಕೇಳಿದ್ದರಿಂದ ಕರೆದುಕೊಂಡು ಹೋದೆ. ಚಿತ್ರದಲ್ಲಿ ಮುಚ್ಚಿದ್ದು ತೋಟದ ಅಂಚಿನಲ್ಲಿ ನಾವು ಕಟ್ಟಿಸಿದ್ದ ಸೆಟ್ ಬಾವಿಯನ್ನು, ಮನೆಯ ಬಾವಿ ಎಂದಿನಂತೆ ಬಳಕೆಯಲ್ಲಿದೆ. ಮನೆಯ ಹಿರಿಯ ಹೆಂಗಸು ಕಾಫಿ ಕೊಟ್ಟು, ಚಿತ್ರ ಬಂದ ಮೇಲೆ ರಜೆಗೆ ಬರುವ ಮೊಮ್ಮಕ್ಕಳು ರಾಟೆಯ ಸದ್ದಿಗೆ ಹೆದರಿ ಹಿತ್ತಲಿಗೇ ಬರುತ್ತಿರಲಿಲ್ಲ, ಅದಕ್ಕೇ ತಿಂಗಳಿಗೊಮ್ಮೆ ರಾಟೆಗೆ ಎಣ್ಣೆ ಬಿಡುತ್ತೇನೆ ಎಂದರು. ಆಮೇಲೆ ಕೊಡಕ್ಕೆ ಹಗ್ಗ ಹಾಕಿ ಬಾವಿಗೆ ಇಳಿಬಿಟ್ಟರು. ರಾಟೆ ತಿರುಗಿತು, ಹಗ್ಗ ಸರಿಯಿತು, ಕೊಡ ತುಂಬಿ ಮೇಲೆ ಬಂತು, ಒಂದಿಷ್ಟೂ ಸದ್ದಾಗಲಿಲ್ಲ. ಲೇಖಕಿ ಇನ್ನೊಂದು ಕೊಡ ಸೇದಲು ಹೇಳಿದರು. ಹಿಂದಕ್ಕೆ ಸರಿದು, ಅಡುಗೆಮನೆಯ ಕಿಟಕಿಯ ಪಕ್ಕ ನಿಂತು, ಬಾವಿಗೆ ಬೆನ್ನು ಮಾಡಿ ಕಣ್ಣು ಮುಚ್ಚಿಕೊಂಡರು. ಸ್ವಲ್ಪ ಹೊತ್ತಿನ ನಂತರ ತಿರುಗಿ ನೋಡಿದಾಗ ತುಂಬಿದ ಎರಡನೇ ಕೊಡ ಕಟ್ಟೆಯ ಮೇಲಿತ್ತು. ಬ್ಯಾಗಿನಿಂದ ಹಾಳೆ ತೆಗೆದು ಅಲ್ಲೇ ನಿಂತು ಬರೆದುಕೊಂಡರು, ಮೂರು ತಿಂಗಳ ಬಳಿಕ ಬಂದ ಮೊದಲ ಡ್ರಾಫ್ಟಿನಲ್ಲಿ ಅದು ಇಂಟರ್ವಲ್ ದೃಶ್ಯವಾಗಿತ್ತು.